ಹಾರ ಬೇಡದ ಚಿತ್ರ

ಪಿತೃಪಕ್ಷ ಬಂತೆಂದರೆ ಹೊಸನಗರದ ಬಸ್ ಸ್ಟ್ಯಾಂಡ್ ಎದುರಿನ ಗಜಾನನ ಸ್ಟುಡಿಯೋದಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ. ಬದುಕಿದ್ದವರೆಲ್ಲ ಈಗ ತಮ್ಮ ಫೋಟೋ ತಾವೇ ಮೊಬೈಲಿನಲ್ಲಿ ತೆಗೆದುಕೊಳ್ಳುತ್ತಾರೆ. ಸತ್ತವರಿಗೆ ಆ ಅನುಕೂಲ ಇಲ್ಲ. ಅವರ ಮಕ್ಕಳು ಹಳೆಯ ಮತದಾರರ ಚೀಟಿಯನ್ನೋ ಯಾವುದೋ ಮದುವೆಯ ಗುಂಪು ಫೋಟೋವನ್ನೋ ಹಿಡಿದುಕೊಂಡು ಬರುತ್ತಾರೆ. ಗಜಾನನ ಅದರಿಂದ ತಲೆಯನ್ನಷ್ಟೇ ಎತ್ತಿ, ದೊಡ್ಡದು ಮಾಡಿ, ಒಂದು ಕೋಟು ತೊಡಿಸಿ, ಹಿಂದೆ ಆಕಾಶದ ಬಣ್ಣ ಕೊಟ್ಟು, ಚೌಕಟ್ಟು ಹಾಕಿ, ಕೊನೆಗೆ ಸಾಗರದಿಂದ ತರಿಸಿಟ್ಟ ಗಂಧದ ಹಾರವೊಂದನ್ನು ಏರಿಸಿ ಕೊಡುತ್ತಾನೆ. ಹಾರ ಹಾಕದೆ ಚೌಕಟ್ಟನ್ನು ಅಂಗಡಿಯಿಂದ ಹೊರಗೆ ಕಳಿಸುವುದು ಅವನ ಜಾಯಮಾನದಲ್ಲಿ ಇರಲಿಲ್ಲ.

ಈ ವರ್ಷ ಕೋಟು ತೊಡಿಸುವ ಕೆಲಸ ಮಗಳು ವಿಭಾಳ ಪಾಲಿಗೆ ಬಂದಿತ್ತು. ದಾವಣಗೆರೆಯಲ್ಲಿ ನಾಲ್ಕು ವರ್ಷ ಚಿತ್ರಕಲೆ ಓದಿ, ಪದವಿ ಹಿಡಿದುಕೊಂಡು ಮನೆಗೆ ಬಂದಿದ್ದಳು. ಊರಿನವರಿಗೆ ಅವಳು ಓದಿದ್ದು ಏನೆಂದು ಅರ್ಥವಾಗಿರಲಿಲ್ಲ. ಒಬ್ಬರು ಮೆಹಂದಿ ಹಾಕಲು ಕರೆದಿದ್ದರು, ಇನ್ನೊಬ್ಬರು ಅಂಗನವಾಡಿ ಗೋಡೆಗೆ ಆನೆ ಬರೆಸಿದ್ದರು. ಆನೆ ಚೆನ್ನಾಗಿಯೇ ಬಂದಿತ್ತು.

"ಅಪ್ಪಯ್ಯ, ಈ ಅಜ್ಜನಿಗೆ ಕೋಟು ಬೇಕೇ ಬೇಕಾ?" ಕಂಪ್ಯೂಟರಿನ ಮುಂದೆ ಕೂತ ವಿಭಾ ಕೇಳಿದಳು. "ಪಾಪ, ಹೆಗಲ ಮೇಲೆ ಟವೆಲ್ ಹಾಕ್ಕೊಂಡಿದ್ದಾರೆ. ಹಾಗೇ ಇರ್ಲಿ."

"ಹಾಕು ಮಾರಾಯ್ತಿ. ಟವೆಲ್ ಹಾಕ್ಕೊಂಡವರನ್ನ ಗೋಡೆಗೆ ಏರಿಸ್ಲಿಕ್ಕೆ ಆಗುತ್ತಾ? ಮಕ್ಕಳೇ ಕೋಟು ಬೇಕು ಅಂದಿದ್ದಾರೆ."

"ಅಜ್ಜನ್ನ ಯಾರಾದ್ರೂ ಕೇಳಿದ್ರಾ?"

"ಕೇಳು, ನೀನೇ ಕೇಳು," ಎಂದು ಗಜಾನನ ಗಾಜು ಕೊಯ್ಯಲು ಹೋದ.

ಸ್ಟುಡಿಯೋದ ಹಿಂದೆಯೇ ಮನೆ. ಅಂಗಡಿಗೂ ಅಡಿಗೆಮನೆಗೂ ನಡುವೆ ಒಂದು ಪುಟ್ಟ ಕತ್ತಲೆ ಕೋಣೆ. ಹಿಂದೆ ಗಜಾನನ ಫೋಟೋ ತೊಳೆಯುತ್ತಿದ್ದದ್ದು ಅಲ್ಲೇ. ಈಗ ಅದರಲ್ಲಿ ಒಡೆದ ಚೌಕಟ್ಟು, ಅಮ್ಮ ಅನ್ನಪೂರ್ಣೇಶ್ವರಿಯ ಹಪ್ಪಳದ ಡಬ್ಬ, ಕೆಟ್ಟ ಮಿಕ್ಸಿ ತುಂಬಿದ್ದವು. ವಿಭಾಳಿಗೆ ಬೇಕಾಗಿದ್ದದ್ದು ಆ ಕೋಣೆ. ಅದರ ಕಿಟಕಿಗೆ ಬಳಿದ ಕಪ್ಪು ಬಣ್ಣವನ್ನು ಕೆರೆದು ತೆಗೆದು, ಒಳಗೆ ಬೆಳಕು ಬಿಟ್ಟುಕೊಂಡು, ಇದೇ ಊರಿನಲ್ಲಿ ಕೂತು ಈ ಸುತ್ತಿನ ಜನರ ಮುಖ ಬರೆಯಬೇಕು. ಅವಳ ತಲೆಯಲ್ಲಿ ಇದ್ದದ್ದು ಅಷ್ಟೇ, ಮತ್ತು ಅದರ ಬಗ್ಗೆ ಅವಳಿಗೆ ಒಂಚೂರೂ ಅನುಮಾನ ಇರಲಿಲ್ಲ. ಅನುಮಾನವೆಲ್ಲ ಅಮ್ಮನದು.

"ರವಿಶಂಕರ ಫೋನ್ ಮಾಡಿದ್ದ," ಎಂದು ಅನ್ನಪೂರ್ಣೇಶ್ವರಿ ಮಧ್ಯಾಹ್ನ ತಂಬುಳಿ ಬಡಿಸುತ್ತ ಶುರು ಮಾಡಿದಳು. ರವಿಶಂಕರ ಅವಳ ದೊಡ್ಡಮ್ಮನ ಮಗ, ತೀರ್ಥಹಳ್ಳಿ ಹತ್ತಿರದ ಒಂದು ವಸತಿ ಶಾಲೆಯ ಆಡಳಿತ ನೋಡಿಕೊಳ್ಳುವವನು. "ಡ್ರಾಯಿಂಗ್ ಟೀಚರ್ ಬೇಕಂತೆ. ಊಟ, ಇರೋ ಜಾಗ ಎಲ್ಲ ಅಲ್ಲೇ. ಸಂಜೆ ಮೇಲೆ ಹೆಣ್ಮಕ್ಕಳ ಹಾಸ್ಟೆಲ್ ಒಂದು ನೋಡ್ಕೊಂಡ್ರೆ ಆಯ್ತು. ದೀಪಾವಳಿ ಕಳೆದ ಮೇಲೆ ಬಂದು ಸೇರ್ಲಿ ಅಂದ."

"ಹಾಸ್ಟೆಲ್ ನೋಡ್ಕೊಳ್ಳೋಳು ಚಿತ್ರ ಬರಿಯೋದು ಯಾವಾಗ ಅಮ್ಮ?"

"ಭಾನುವಾರ ಬರಿ."

"ಭಾನುವಾರ ಪೋಷಕರು ಬರ್ತಾರೆ."

"ಹಾಗಾದ್ರೆ ಇಲ್ಲಿ ಕೂತು ಎಂತ ಮಾಡ್ತೀಯ? ಚಿತ್ರ ಬರೆದು ಹೊಟ್ಟೆ ತುಂಬಿಸ್ಕೊಂಡವರು ಈ ತಾಲ್ಲೂಕಲ್ಲಿ ಯಾರಿದ್ದಾರೆ ತೋರ್ಸು ನೋಡೋಣ."

"ಮೊದಲು ಯಾರಾದ್ರೂ ಶುರು ಮಾಡ್ಬೇಕಲ್ಲ."

"ಆ ಯಾರೋ ನನ್ನ ಮಗಳೇ ಆಗ್ಬೇಕಾ?"

ಗಜಾನನ ತಟ್ಟೆಯಿಂದ ತಲೆ ಎತ್ತಲಿಲ್ಲ. ಇಂಥ ಹೊತ್ತಿನಲ್ಲಿ ಅವನಿಗೆ ಉಪ್ಪಿನಕಾಯಿಯ ಮೇಲೆ ವಿಪರೀತ ಗಮನ ಬರುತ್ತಿತ್ತು. ಕೊನೆಗೆ ಅನ್ನಪೂರ್ಣೇಶ್ವರಿಯೇ ಒಂದು ತೀರ್ಮಾನ ಕೊಟ್ಟಳು.

"ದೀಪಾವಳಿ ತನಕ ಆ ಕೋಣೆ ನಿಂದು. ಅಷ್ಟರೊಳಗೆ ಈ ಊರಿನ ಒಬ್ರು, ಒಬ್ರೇ ಒಬ್ರು, ತಾವಾಗಿ ಬಂದು, 'ನಮಗೊಂದು ಚಿತ್ರ ಬರೆದುಕೊಡು' ಅಂತ ದುಡ್ಡು ಕೊಟ್ಟು ಹೇಳ್ಲಿ. ಹೇಳಿದ್ರೆ ನಾನು ಬಾಯಿ ಮುಚ್ಕೊಳ್ತೀನಿ. ಇಲ್ದಿದ್ರೆ ನೀನು ತೀರ್ಥಹಳ್ಳಿ ಬಸ್ ಹತ್ಬೇಕು."

"ಆಯ್ತು," ಅಂದಳು ವಿಭಾ.

"ಗೋಡೆ, ಮೆಹಂದಿ ಲೆಕ್ಕಕ್ಕಿಲ್ಲ."

"ಆಯ್ತು ಅಂದ್ನಲ್ಲ."

ಬಾಗಿಲ ಬಳಿ ಗೋಡೆಗೆ ಒರಗಿ ಮೆತ್ತಗೆ ಅನ್ನ ಕಲಸುತ್ತಿದ್ದ ಅಜ್ಜಿ ನಾಗರತ್ನಮ್ಮ ಆಗ ಬಾಯಿ ಬಿಟ್ಟರು. "ಮೊದಲು ನಂದು ಬರಿ ಪುಟ್ಟಿ."

"ಅತ್ತೆ!" ಅನ್ನಪೂರ್ಣೇಶ್ವರಿಯ ಕೈಯಲ್ಲಿದ್ದ ಸೌಟು ನಿಂತಿತು. "ಬದುಕಿರೋವಾಗ ಅಷ್ಟು ದೊಡ್ಡ ಚಿತ್ರ ಮಾಡಿಸ್ತಾರಾ? ಒಳ್ಳೇದಲ್ಲ ಅದು."

"ಸತ್ತ ಮೇಲೆ ನಿನ್ನ ಗಂಡ ಮಾಡೋದನ್ನ ನೋಡಿದ್ದೀನಲ್ಲ," ಎಂದು ನಾಗರತ್ನಮ್ಮ ಜಗಲಿಯ ಗೋಡೆಯ ಕಡೆ ಕೈ ತೋರಿಸಿದರು. ಅಲ್ಲಿ ಅವರ ಯಜಮಾನರ ಫೋಟೋ ಇತ್ತು. "ಅವರು ಜನ್ಮದಲ್ಲಿ ಒಂದು ದಿನ ಕೋಟು ಹಾಕಿದವರಲ್ಲ. ಇವ್ನು ಕೋಟು ಟೈ ಎಲ್ಲ ಹಾಕಿ ಕೂರ್ಸಿದ್ದಾನೆ. ದಿನಾ ಹೂ ಇಡುವಾಗ ಯಾರೋ ಬ್ಯಾಂಕ್ ಮ್ಯಾನೇಜರಿಗೆ ಇಟ್ಟ ಹಾಗೆ ಆಗುತ್ತೆ ನಂಗೆ. ಸಂಕೋಚ ಆಗುತ್ತೆ ಕಣೇ."

ವಿಭಾ ನಕ್ಕಳು. ಅಜ್ಜಿ ನಗಲಿಲ್ಲ. ಅವರಿಗೆ ಅದು ನಿಜವಾದ ದುಃಖವೇ ಆಗಿತ್ತು.

ಮಾರನೆಯ ದಿನವೇ ಕತ್ತಲೆ ಕೋಣೆ ಖಾಲಿಯಾಯಿತು. ವಿಭಾ ಬ್ಲೇಡು ಹಿಡಿದು ಕಿಟಕಿಯ ಕಪ್ಪನ್ನು ಕೆರೆದಳು. ಅಪ್ಪನ ಹತ್ತಿರ ಉಳಿದಿದ್ದ ಚೌಕಟ್ಟಿನ ಪಟ್ಟಿಗಳನ್ನು ಜೋಡಿಸಿ ಕ್ಯಾನ್ವಾಸ್ ಬಿಗಿದಳು. ಅಜ್ಜಿ ರೇಷ್ಮೆಯ ಪಟ್ಟೆ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ, ಎರಡು ಕೈಯನ್ನೂ ಮಂಡಿಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತರು. ಇನ್ನೇನು ಪ್ರಮಾಣವಚನ ತೆಗೆದುಕೊಳ್ಳುವವರ ಹಾಗಿದ್ದರು.

"ಅಜ್ಜಿ, ಇದು ಬೇಡ. ದಿನಾ ಕೂರೋ ಹಾಗೆ ಕೂತ್ಕೋ."

"ದಿನಾ ನಾನು ಕೂರೋದು ಹಿತ್ತಿಲ ಬಾಗಿಲಲ್ಲಿ, ಸೊಪ್ಪು ಸೋಸ್ತಾ."

"ಅಲ್ಲೇ ಕೂತ್ಕೋ ಹಾಗಾದ್ರೆ."

ನವರಾತ್ರಿ ಶುರುವಾಗುವವರೆಗೂ ಬೆಳಿಗ್ಗೆ ಇದೇ ಕೆಲಸ. ಅಜ್ಜಿ ಹಳೆ ಸೀರೆಯಲ್ಲಿ ಹೊಸ್ತಿಲ ಮೇಲೆ ಕೂತು ಹರಿವೆ ಸೋಸುವುದು, ಸೊಸೆಯ ಅಡಿಗೆಯ ಮೇಲೆ ಟೀಕೆ ಮಾಡುವುದು, ಮೊಮ್ಮಗಳು ನೋಡಿಕೊಂಡು ಬರೆಯುವುದು. ಟರ್ಪೆಂಟೈನ್ ವಾಸನೆ ಒಲೆಯ ತನಕ ಬಂತು.

"ಸಾರಿಗೂ ಅದೇ ವಾಸನೆ," ಎಂದು ಅನ್ನಪೂರ್ಣೇಶ್ವರಿ ಪಾತ್ರೆ ಕುಕ್ಕಿದಳು.

"ಸಾರಿಗೆ ಇಂಗು ಹಾಕಿದ್ರೆ ಗೊತ್ತಾಗ್ತಿರ್ಲಿಲ್ಲ," ಅಂದರು ಅಜ್ಜಿ. ಅದನ್ನು ಹೇಳುವಾಗಿನ ಅವರ ಮುಖವೇ ವಿಭಾಳಿಗೆ ಬೇಕಾಗಿದ್ದದ್ದು. ಕನ್ನಡಕ ಮೂಗಿನ ತುದಿಗೆ ಜಾರಿದೆ, ತುಟಿ ಒಂದು ಕಡೆ ಸೊಟ್ಟಗಾಗಿದೆ, ಮುಂದಿನ ಹಲ್ಲು ಬಿದ್ದ ಜಾಗ ಕಾಣುತ್ತಿದೆ. ಅವಳು ಅದನ್ನೇ ಹಿಡಿದಳು.

ಚಿತ್ರ ಮುಗಿದಾಗ ಗಜಾನನ ದೂರ ನಿಂತು, ಹತ್ತಿರ ಬಂದು, ಮತ್ತೆ ದೂರ ಹೋಗಿ ನೋಡಿದ. "ಎಲ್ಲ ಸರಿ. ಹಲ್ಲೊಂದು ಹಾಕ್ಬಿಡು ಮಗಾ. ಹಿಂದೆ ನೀಲಿ ಕೊಡು."

"ಹಲ್ಲು ಇಲ್ಲವಲ್ಲ ಅಪ್ಪಯ್ಯ."

"ಇಲ್ಲದ್ದನ್ನ ಹಾಕೋದೇ ನಮ್ಮ ಕಸುಬು!"

"ನಿಂದು. ನಂದಲ್ಲ."

ಮಾತು ಬಾಯಿಂದ ಜಾರಿದ ಮೇಲೆ ವಿಭಾಳಿಗೆ ಕೆಟ್ಟದೆನಿಸಿತು. ಗಜಾನನ ಒಳಗೆ ಹೋಗಿ, ಯಾರಿಗೋ ಎಂದು ಎತ್ತಿಟ್ಟಿದ್ದ ಒಳ್ಳೆಯ ತೇಗದ ಪಟ್ಟಿ ತಂದ. ಗಾಜು ಹಾಕಲು ಹೊರಟವನಿಗೆ ಎಣ್ಣೆ ಬಣ್ಣಕ್ಕೆ ಗಾಜು ಬೇಡವೆಂದು ಮಗಳು ತಡೆದಳು. ಅದಕ್ಕೂ ಒಂದು ಸುತ್ತು ವಾದವಾಯಿತು. ಆದರೆ ಚೌಕಟ್ಟು ಮಾತ್ರ, ಅವನು ಈ ತನಕ ಮಾಡಿದ್ದರಲ್ಲೇ ಚೆಂದದ್ದಾಯಿತು.

ಎಡವಟ್ಟು ಆದದ್ದು ಆಯುಧಪೂಜೆಯ ದಿನ.

ಬೆಳಿಗ್ಗೆ ಗಜಾನನ ಕ್ಯಾಮೆರಾ, ಲೈಟು, ಗಾಜು ಕೊಯ್ಯುವ ಪೆನ್ನು, ಸ್ಕೂಟರು ಎಲ್ಲವನ್ನೂ ಒರೆಸಿ ಸಾಲಾಗಿಟ್ಟು ಚೆಂಡುಹೂ ಮುಡಿಸಿದ. ಮಗಳ ಚಿತ್ರಕ್ಕೂ ಒಂದು ಮರ್ಯಾದೆ ಇರಲೆಂದು ಅದನ್ನು ಅಂಗಡಿಯ ಮುಂದಿನ ಗಾಜಿನ ಶೋಕೇಸಿನಲ್ಲಿ ನಿಲ್ಲಿಸಿದ. ಊರಿನವರ ಕಣ್ಣಿಗೆ ಬೀಳಲಿ ಎಂಬುದೂ ಇತ್ತು. ಹೆಂಡತಿಯ ಗಡುವು ಅವನಿಗೂ ಒಳಗೊಳಗೇ ಚುಚ್ಚುತ್ತಿತ್ತು. ನಿಲ್ಲಿಸಿದ, ನೇರ ಮಾಡಿದ, ಬಟ್ಟೆಯಲ್ಲಿ ಚೌಕಟ್ಟು ಒರೆಸಿದ. ಅಷ್ಟರ ಮೇಲೆ ಅವನ ಕೈ ತಾನಾಗಿಯೇ ಹಾರಗಳನ್ನು ತೂಗುಹಾಕಿದ್ದ ಮೊಳೆಯ ಕಡೆ ಹೋಯಿತು, ಒಂದು ಗಂಧದ ಹಾರ ತೆಗೆಯಿತು, ಏರಿಸಿತು. ಮನಸ್ಸು ಆಗಲೇ ಹೋಳಿಗೆಯ ಮೇಲಿತ್ತು. ಮಂಗಳಾರತಿ ಮಾಡಿ, ಬಾಗಿಲು ಎಳೆದು, ಊಟಕ್ಕೆ ಒಳಗೆ ಹೋದ.

ಹಬ್ಬದ ದಿನ ಮಧ್ಯಾಹ್ನ ಮುಚ್ಚಿದ ಸ್ಟುಡಿಯೋ, ಗಾಜಿನೊಳಗೆ ಹಾರ ಹಾಕಿದ ನಾಗರತ್ನಮ್ಮ. ಬಸ್ಸಿಗೆ ಕಾಯುತ್ತಿದ್ದವರಿಗೆ ಬೇರೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಹೋಳಿಗೆಗೆ ತುಪ್ಪ ಬೀಳುವ ಹೊತ್ತಿಗೆ ಊರಿನ ವಾಟ್ಸಾಪ್ ಗುಂಪಿನಲ್ಲಿ 'ಓಂ ಶಾಂತಿ' ಸಾಲುಗಟ್ಟಿತ್ತು.

ಮೊದಲು ಬಂದವರು ಪಕ್ಕದ ಹಾರ್ಡ್‌ವೇರ್ ಅಂಗಡಿಯ ಮಂಜುನಾಥಪ್ಪ. ಬಾಗಿಲು ತೆರೆದದ್ದು ನಾಗರತ್ನಮ್ಮನೇ, ಎಡಗೈಯಲ್ಲಿ ಪಾಯಸದ ಲೋಟ.

ಮಂಜುನಾಥಪ್ಪ ತಲೆ ತಗ್ಗಿಸಿಕೊಂಡೇ ಕೇಳಿದರು. "ಎಷ್ಟೊತ್ತಿಗೆ ಹೋದ್ರಂತೆ?"

"ಯಾರು?"

"ಅಮ್ಮ."

"ಯಾವ ಅಮ್ಮ ಮಾರಾಯ?"

ಮಂಜುನಾಥಪ್ಪ ತಲೆ ಎತ್ತಿದರು. ಆಮೇಲೆ ಅವರು ಮಾಡಿದ ಶಬ್ದ ಕೇಳಿ ಒಳಗಿದ್ದ ಮೂವರೂ ಎಲೆ ಬಿಟ್ಟು ಓಡಿ ಬಂದರು.

ಮಂಜುನಾಥಪ್ಪನಿಗೆ ನೀರು ಕೊಟ್ಟು ಕೂರಿಸುವಷ್ಟರಲ್ಲಿ ಹತ್ತಿರದ ನಗರ ಎಂಬ ಊರಿನಿಂದ ಜೀಪು ಬಂದು ನಿಂತಿತು. ಇಳಿದವನು ಸುಂದರೇಶ, ನಾಗರತ್ನಮ್ಮನ ತಮ್ಮ. ಸುದ್ದಿ ಕೇಳಿ ತಣ್ಣೀರು ಸ್ನಾನ ಮಾಡಿ, ಒದ್ದೆ ತಲೆಯಲ್ಲೇ ಹೊರಟು ಬಂದಿದ್ದ. ಅಕ್ಕ ಜಗಲಿಯಲ್ಲಿ ನಿಂತದ್ದನ್ನು ನೋಡಿ ಅವಳ ಎರಡೂ ಕೈ ಹಿಡಿದುಕೊಂಡು ಅತ್ತ. ಅತ್ತು ಮುಗಿದ ಮೇಲೆ ಸಿಟ್ಟು ಬಂತು.

"ಎಲೆ ಮೇಲಿದ್ದ ಹೋಳಿಗೆ ಬಿಟ್ಟು ಎದ್ದು ಬಂದಿದ್ದೀನಿ! ದಾರಿ ಉದ್ದಕ್ಕೂ ಅತ್ತಿದ್ದೀನಿ! ಇವನಿಗೆ ಬುದ್ಧಿ ಇದೆಯಾ? ಹೆತ್ತ ತಾಯಿಗೆ ಹಾರ ಹಾಕಿ ಉಣ್ಲಿಕ್ಕೆ ಕೂತಿದ್ದಾನೆ!"

"ಕೈ ತಪ್ಪಿ ಆಯ್ತು ಮಾವ," ಗಜಾನನ ನೆಲ ನೋಡುತ್ತ ಹೇಳಿದ. "ಅಭ್ಯಾಸ ಬಲದಲ್ಲಿ…"

"ಬಾ, ಹೋಳಿಗೆ ಇಲ್ಲೂ ಇದೆ," ಎಂದು ನಾಗರತ್ನಮ್ಮ ತಮ್ಮನ ತಲೆಯನ್ನು ಸೆರಗಿನಿಂದ ಒರೆಸಿದರು. "ನಾನು ಸತ್ರೆ ನೀನು ಇಷ್ಟು ಅಳ್ತೀಯ ಅಂತ ಗೊತ್ತಾಯ್ತಲ್ಲ. ಅದೂ ಒಂದು ಸಮಾಧಾನ. ಅನ್ನಪೂರ್ಣ, ಇನ್ನೆರಡು ಎಲೆ ಹಾಕು."

ಅನ್ನಪೂರ್ಣೇಶ್ವರಿ ಎಲೆ ಹಾಕಿದಳು, ಬಡಿಸಿದಳು. ಊರಿನವರೆಲ್ಲ ಹೋದ ಮೇಲೆ ಹಿತ್ತಿಲಿಗೆ ಹೋಗಿ ಕಣ್ಣೊರೆಸಿಕೊಂಡು ಬಂದಳು. ಅವಳು ನಿಜವಾಗಿ ಹೆದರಿದ್ದಳು.

"ನಾನು ಮೊದಲೇ ಹೇಳಿದ್ದೆ," ಅಂದಳು ಮಗಳಿಗೆ. "ಹೇಳಿದ್ನಾ ಇಲ್ವಾ? ಆ ಚಿತ್ರ ಜಗಲಿಗೆ ಬರಕೂಡ್ದು. ಅಂಗಡೀಲೂ ಬೇಡ."

"ಹಾರ ಹಾಕಿದ್ದು ಅಪ್ಪಯ್ಯ. ಚಿತ್ರ ಎಂತ ಮಾಡ್ತು?"

"ಬರೀದಿದ್ರೆ ಅವರು ಹಾರ ಯಾವುದಕ್ಕೆ ಹಾಕ್ತಿದ್ರು?"

ಜಗಳ ಬಿಡಿಸಿದ್ದು ಅಜ್ಜಿ. "ಜಗಲಿ ಬೇಡ, ಅಂಗಡಿ ಬೇಡ. ಅಡಿಗೆಮನೇಲಿ ಹೊಡಿ ಮೊಳೆ. ನನ್ನ ಜಾಗ ಅದೇ ಅಲ್ವಾ." ಹಾಗೆ ಚಿತ್ರ ಅಡಿಗೆಮನೆಯಲ್ಲಿ ಹಿತ್ತಿಲ ಬಾಗಿಲ ಪಕ್ಕ ಹೋಗಿ ನಿಂತಿತು. ಸುಂದರೇಶ ಮಾತ್ರ ಬರಿಗೈಯಲ್ಲಿ ವಾಪಸು ಹೋಗಲು ಒಪ್ಪಲಿಲ್ಲ. ಬದುಕಿರುವಾಗಲೇ ಅಕ್ಕನನ್ನು ಕರೆದುಕೊಂಡು ಹೋಗುತ್ತೇನೆಂದು ಹಟ ಹಿಡಿದು, ಹಬ್ಬ ಮುಗಿದ ಮಾರನೆಯ ದಿನ ನಾಗರತ್ನಮ್ಮನನ್ನು ನಗರಕ್ಕೆ ಕರೆದೊಯ್ದ. ದೀಪಾವಳಿ ಕಳೆದೇ ಕಳಿಸುತ್ತೇನೆ ಅಂದ.

ಊರಿಗೆ ಮಾತ್ರ ಒಳ್ಳೆಯ ತಮಾಷೆ ಸಿಕ್ಕಿತು. ವಿಭಾ ತರಕಾರಿಗೆ ಹೋದರೆ, "ನಿಮ್ಮಲ್ಲಿ ಚಿತ್ರ ಬರೆಸಿದ್ರೆ ಹಾರ ಫ್ರೀ ಅಂತೆ?" ಎಂದು ಕೇಳುವವರೇ. ಅವಳು ಸೋಲಲಿಲ್ಲ. "ಹೌದು, ಯಾವಾಗ ಬರ್ತೀರಿ?" ಎಂದು ತಿರುಗಿಸಿ ಕೇಳುತ್ತಿದ್ದಳು. ಬೆಳಿಗ್ಗೆ ಎದ್ದು ರಿಪ್ಪನ್‌ಪೇಟೆ ಬಸ್ಸು ಹತ್ತಿ, ಸಂತೆಯ ಮೂಲೆಯಲ್ಲಿ ಕೂತು ಮುಖಗಳನ್ನು ಗೀಚಿಕೊಂಡು ಬರುತ್ತಿದ್ದಳು. ಮೆಣಸಿನಕಾಯಿ ಮಾರುವವಳು, ಕಂಡಕ್ಟರು, ಬಳೆಗಾರ. ಕತ್ತಲೆ ಕೋಣೆಯ ಗೋಡೆ ತುಂಬತೊಡಗಿತು. ಆರ್ಡರು ಮಾತ್ರ ಒಂದೂ ಇಲ್ಲ.

ಒಂದು ಸಂಜೆ ಮಂಜುನಾಥಪ್ಪ ಬಂದು ಗೋಡೆಯನ್ನೆಲ್ಲ ನೋಡಿ, "ನಮ್ಮಮ್ಮಂದೊಂದು ಬರೀಬಹುದಲ್ಲ ವಿಭಾ, ಹೀಗೇ ನಗ್ತಾ ಇರೋ ಹಾಗೆ," ಅಂದರು. ವಿಭಾ ಆ ರಾತ್ರಿಯೇ ಹೊಸ ಕ್ಯಾನ್ವಾಸ್ ಬಿಗಿದಳು. ಮಾರನೆಯ ಬೆಳಿಗ್ಗೆ ಅದೇ ಮಂಜುನಾಥಪ್ಪ ಅಂಗಡಿಯ ಮೆಟ್ಟಿಲ ಮೇಲೆ ಕಾಲು ಬದಲಿಸುತ್ತ ನಿಂತಿದ್ದರು. "ಮನೇಲಿ ಬೇಡ ಅಂತಿದ್ದಾರೆ. ನಿಮ್ಮಲ್ಲಿ ಆಯ್ತಲ್ಲ, ಅದನ್ನ ನೋಡಿ ಹೆದ್ರಿದ್ದಾರೆ. ಬೇಜಾರು ಮಾಡ್ಕೋಬೇಡ."

ಗಜಾನನ ಅಂದು ಮಧ್ಯಾಹ್ನ ಊಟ ಮಾಡಲಿಲ್ಲ. "ನನ್ನ ಕೈಯಿಂದ ನಿನ್ನ ಕೆಲಸ ಕೆಟ್ಟಿತು ಮಗಾ," ಅಂದ.

"ಕೆಟ್ಟಿಲ್ಲ ಅಪ್ಪಯ್ಯ. ತಡ ಆಗಿದೆ ಅಷ್ಟೇ. ತೀರ್ಥಹಳ್ಳಿಗೆ ಹೋದ್ರೂ ನಾನು ಬರಿಯೋದು ಬಿಡಲ್ಲ. ಊಟ ಮಾಡು."

ಅಡಿಗೆಮನೆಯಲ್ಲಿ ಬೇರೊಂದು ನಡೆಯುತ್ತಿತ್ತು, ಅದು ಯಾರಿಗೂ ಗೊತ್ತಿರಲಿಲ್ಲ. ಅತ್ತೆ ಇಲ್ಲದ ಮೊದಲ ದಿನ ಅನ್ನಪೂರ್ಣೇಶ್ವರಿಗೆ ಹಾಯೆನಿಸಿತು. ಎರಡನೆಯ ದಿನ ಸಾರು ಕುದಿಸುವಾಗ ಅಭ್ಯಾಸದಂತೆ ತಿರುಗಿ ನೋಡಿದಳು. ಹಿತ್ತಿಲ ಬಾಗಿಲ ಪಕ್ಕ ಕನ್ನಡಕ ಜಾರಿಸಿಕೊಂಡು, ತುಟಿ ಸೊಟ್ಟಗೆ ಮಾಡಿಕೊಂಡು ಅತ್ತೆ ಕೂತಿದ್ದರು.

"ಇಂಗು ಹಾಕಿದ್ದೀನಿ," ಅಂದಳು ಅನ್ನಪೂರ್ಣೇಶ್ವರಿ, ಸಿಟ್ಟಿನಲ್ಲೇ.

ಆಮೇಲೆ ಅದೇ ರೂಢಿಯಾಯಿತು. ಗ್ಯಾಸ್ ಸಿಲಿಂಡರ್ ಬರದ ಸುದ್ದಿ, ಹಾಲಿನವನ ನೀರು ಹಾಲು, ಗಂಡನ ಮೌನ, ಎಲ್ಲವನ್ನೂ ಚಿತ್ರಕ್ಕೆ ಹೇಳುವುದು. ಒಂದು ದಿನ ಕೊಬ್ಬರಿ ತುರಿಯುತ್ತ, "ನಿಮ್ಮ ಮೊಮ್ಮಗಳು ಹೋಗ್ತಾಳೆ ಅತ್ತೆ. ನಾನೇ ಕಳಿಸ್ತಿರೋದು. ತಪ್ಪಾ?" ಎಂದು ಕೇಳಿಯೂ ಬಿಟ್ಟಳು. ಕೇಳಿ, ಕೈ ನಿಲ್ಲಿಸಿ, ಜಗಲಿಗೆ ಹೋದಳು. ಗೋಡೆಯ ಮೇಲೆ ಕೋಟು ಹಾಕಿದ ಮಾವ ಇದ್ದರು. ಮದುವೆಯಾಗಿ ಬಂದಾಗಿನಿಂದ ಆ ಮನುಷ್ಯ ಅವಳನ್ನು ಮಗಳ ಹಾಗೆ ನೋಡಿಕೊಂಡಿದ್ದರು. ಅವರ ನಗು ಹೇಗಿತ್ತೆಂದು ನೆನಪಿಸಿಕೊಳ್ಳಲು ನೋಡಿದಳು. ಬರಲಿಲ್ಲ. ಕೋಟಿನ ಗುಂಡಿಯಷ್ಟೇ ಕಂಡಿತು. ಅವಳಿಗೆ ಅತ್ತೆಯ ಸಂಕೋಚ ಏನೆಂದು ಅಂದು ಅರ್ಥವಾಯಿತು, ಮತ್ತು ತುಂಬಾ ದುಃಖವಾಯಿತು.

ದೀಪಾವಳಿ ಬಂತು. ಸೌತೆಕಾಯಿ ಕಡುಬಾಯಿತು, ಗೋಪೂಜೆಗೆ ಪಕ್ಕದ ಮನೆಯ ಕೊಟ್ಟಿಗೆಗೆ ಹೋಗಿ ಬಂದದ್ದಾಯಿತು. ಹಬ್ಬ ಕಳೆದ ಬೆಳಿಗ್ಗೆ ವಿಭಾ ಬ್ಯಾಗು ಕಟ್ಟಿ ಅಂಗಡಿಯಲ್ಲಿ ತಂದಿಟ್ಟಳು. ಬಣ್ಣದ ಪೆಟ್ಟಿಗೆಯನ್ನು ಮೊದಲೇ ತುಂಬಿದ್ದಳು. ತೀರ್ಥಹಳ್ಳಿ ಬಸ್ಸು ಎದುರಿಗೇ ನಿಂತು ಜನ ಹತ್ತಿಸಿಕೊಳ್ಳುತ್ತಿತ್ತು. ಗಜಾನನ ಕೌಂಟರಿನ ಮೇಲಿದ್ದ ಗೋಂದಿನ ಡಬ್ಬಿಯನ್ನು ಸುಮ್ಮನೆ ಮುಚ್ಚುತ್ತ ತೆರೆಯುತ್ತ ಇದ್ದ.

"ಅಮ್ಮ ಎಲ್ಲಿ? ಹೇಳಿ ಹೊರಡ್ತೀನಿ."

"ಒಳಗಿಲ್ಲ. ಆಗಲೇ ಎಲ್ಲೋ ಹೋದ್ಳು."

ಅಷ್ಟರಲ್ಲಿ ರಸ್ತೆಯ ಕಡೆಯ ಬಾಗಿಲಿನಿಂದ ಅನ್ನಪೂರ್ಣೇಶ್ವರಿ ಬಂದಳು. ಅಡಿಗೆಮನೆಯಿಂದ ಬರುವುದು ಬಿಟ್ಟು ಇಡೀ ಮನೆ ಸುತ್ತಿ, ಹೊಸ ಸೀರೆ ಉಟ್ಟು, ಕೈಯಲ್ಲಿ ಪರ್ಸು ಹಿಡಿದು ಬಂದಿದ್ದಳು. ಚಪ್ಪಲಿ ಮೆಟ್ಟಿಲ ಹತ್ತಿರ ಬಿಟ್ಟಳು.

"ಇಲ್ಲಿ ಚಿತ್ರ ಬರೆದುಕೊಡ್ತಾರಂತಲ್ಲ?"

"ಎಂತ ಇದು ನಾಟಕ?" ಗಜಾನನ ಕೇಳಿದ.

"ನಿಮ್ಮನ್ನ ಕೇಳ್ಲಿಲ್ಲ. ಚಿತ್ರ ಬರಿಯೋರನ್ನ ಕೇಳ್ದೆ." ಅವಳು ಹಪ್ಪಳ ಮಾರಿದ ದುಡ್ಡನ್ನು ಪರ್ಸಿನಿಂದ ತೆಗೆದು ಕೌಂಟರಿನ ಮೇಲಿಟ್ಟಳು. "ನಮ್ಮ ಯಜಮಾನರದ್ದೊಂದು ಬೇಕಿತ್ತು. ಈ ತಾಲ್ಲೂಕಿನವರದ್ದೆಲ್ಲ ಫೋಟೋ ತೆಗೆದ್ರು. ನಾನು ಮನೆಯೆಲ್ಲ ಹುಡುಕ್ದೆ, ಅವರದ್ದು ಅಂತ ಒಂದು ಸರಿಯಾದ್ದು ಇಲ್ಲ."

ವಿಭಾ ದುಡ್ಡು ನೋಡಿದಳು, ಅಮ್ಮನನ್ನು ನೋಡಿದಳು. "ಅಮ್ಮ, ಊರಿನವರು ಅಂದಿದ್ದೆ ನೀನು."

"ನಾನು ಯಾವ ಊರವಳು ಮತ್ತೆ? ಗಡುವು ಹಾಕಿದ್ದೂ ನಾನೇ, ಆರ್ಡರ್ ಕೊಡೋದೂ ನಾನೇ. ರವಿಶಂಕರನಿಗೆ ಫೋನ್ ಮಾಡಿ ಬೇರೆಯವರನ್ನ ನೋಡ್ಕೋ ಅಂತ ನಿನ್ನೆಯೇ ಹೇಳಿದ್ದೀನಿ." ಅನ್ನಪೂರ್ಣೇಶ್ವರಿಯ ಕಣ್ಣು ತುಂಬಿತ್ತು, ಆದರೆ ಗಂಟಲು ಗಟ್ಟಿಯಾಗಿಯೇ ಇತ್ತು. "ಒಂದು ಮಾತು. ಹಾರ ಬೇಡ. ಈಗ್ಲೇ ಹೇಳಿದ್ದೀನಿ."

ಗಜಾನನ ಕೂದಲು ನೇವರಿಸಿಕೊಂಡ. ಮುಖಕ್ಕೆ ಎರಡು ಸಲ ನೀರು ಹಾಕಿಕೊಂಡ. ಗಿರಾಕಿಗಳಿಗೆಂದು ಸ್ಟುಡಿಯೋದ ಮೂಲೆಯಲ್ಲಿ ತೂಗುಹಾಕಿದ್ದ ಹಳೆಯ ಕಪ್ಪು ಕೋಟಿನ ಕಡೆ ಅವನ ಕೈ ತಾನಾಗಿಯೇ ಹೋಯಿತು.

"ಅಪ್ಪಯ್ಯ."

"ಎಂತ?"

"ಕೋಟು ಬೇಡ. ಹಾಗೇ ಬಾ."

ಅವನು ಬನಿಯನ್ನಿನ ಮೇಲೆ ಮಾಸಿದ ಅಂಗಿ, ಉಗುರಿನ ತುಂಬಾ ಗೋಂದು, ಹಾಗೇ ಕಿಟಕಿಯ ಬೆಳಕಿನಲ್ಲಿ ಸ್ಟೂಲಿನ ಮೇಲೆ ಕೂತ. ಬೆನ್ನು ಸೆಟೆಸಿ, ಗಲ್ಲ ತಗ್ಗಿಸಿ, ಉಸಿರು ಹಿಡಿದು, ಕಣ್ಣು ಮಿಟುಕಿಸದೆ ಕೂತ. ಇಷ್ಟು ವರ್ಷ ಈ ಅಂಗಡಿಯಲ್ಲಿ ಕೂತವರಿಗೆಲ್ಲ ಅವನು ಹೇಳಿಕೊಟ್ಟದ್ದು ಅದನ್ನೇ. ಎದುರಿನ ರಸ್ತೆಯಲ್ಲಿ ತೀರ್ಥಹಳ್ಳಿ ಬಸ್ಸು ಹಾರನ್ ಹೊಡೆದು ಹೊರಟಿತು. ವಿಭಾ ಪೆಟ್ಟಿಗೆ ಬಿಚ್ಚಿ, ಕುಂಚ ಆರಿಸಿ, ಅಪ್ಪನ ಮುಖ ನೋಡಿದಳು. ಅದು ಕೆಂಪಾಗುತ್ತಿತ್ತು.

"ಅಪ್ಪಯ್ಯ, ಉಸಿರು ಬಿಡು," ಅಂದಳು. "ಇದರಲ್ಲಿ ಉಸಿರಾಡಬಹುದು."